ಯಾರ ಮನೆಗೆ?

ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಭಾನುವಾರದ ಸಂಜೆಯ ನಿದ್ದೆ ಬಿಟ್ಟು ಬಂದಿರುವ ಗೆಳೆಯರೇ,

ನನಗೆ ಕೊಟ್ಟಿರುವ ವಿಷಯ ‘ಹೊಯ್ಸಳರ ನಾಡಿನಲ್ಲಿ ಪ್ರವಾಸ’. ಸಮಯ ನಲವತ್ತು ನಿಮಿಷ. ಮನೆಯಲ್ಲಿ ಕುಳಿತು ಏಳು ಅಂಶಗಳ ಚೀಟಿ ಬರೆದು ಜೇಬಿನಲ್ಲಿಟ್ಟುಕೊಂಡು ಬಂದಿದ್ದೇನೆ. ನನ್ನನ್ನು ಬಲ್ಲವರು ಈಗಲೇ ನಗುತ್ತಿದ್ದಾರೆ. ಇದುವರೆಗೆ ಯಾವ ಸಭೆಯಲ್ಲೂ ನಾನು ಮೂರನೆಯ ಅಂಶವನ್ನು ದಾಟಿದವನಲ್ಲ.

ಆದರೂ ಇವತ್ತು ಒಂದು ಮಾತು ಹೇಳದೆ ಇಳಿಯುವುದಿಲ್ಲ. ಒಳಗೆ ಬರುವಾಗ ಬಾಗಿಲ ಬಳಿಯ ಫಲಕದಲ್ಲಿ ಮುಂದಿನ ತಿಂಗಳ ಪ್ರವಾಸದ ಪ್ರಕಟಣೆ ಓದಿದೆ. ಬೆಳಗಿನ ಜಾವ 5ಕ್ಕೆ ಹೊರಡುವುದು, ಶ್ರವಣಬೆಳಗೊಳ, ಹಳೇಬೀಡು, ಬೇಲೂರು, ರಾತ್ರಿ 11ಕ್ಕೆ ವಾಪಸು. ತಿಂಡಿ, ಊಟ, ಮಧ್ಯಾಹ್ನಕ್ಕೆ ಒಂದು ಸಿಹಿ. ಇದನ್ನು ಬರೆದವರ ಮೇಲೆ ನನಗೆ ಸಿಟ್ಟಿಲ್ಲ, ಏಕೆಂದರೆ ಮೇಷ್ಟ್ರಾಗಿದ್ದಾಗ ಇದೇ ಪಟ್ಟಿಯನ್ನು ನಾನೇ ಎಷ್ಟೋ ಸಲ ಬರೆದಿದ್ದೇನೆ. ಮಕ್ಕಳನ್ನು ಬಸ್ಸಿನಿಂದ ಇಳಿಸುವುದು, ತಲೆ ಎಣಿಸುವುದು, ಹತ್ತಿಸುವುದು, ಮತ್ತೆ ಎಣಿಸುವುದು. ಬೇಲೂರಿನ ಗುಡಿಯಲ್ಲಿ ಮದನಿಕೆಯರು, ಅಂದರೆ ಕಲ್ಲಿನ ಸುಂದರಿಯರು, 42 ಮಂದಿ, ಹೊರಗೆ 38, ಒಳಗೆ 4. ನಾನು ಆ ಕಾಲದಲ್ಲಿ ನೋಡಿದ್ದು ಮಾತ್ರ 48, ಎಲ್ಲವೂ ನಮ್ಮ ಶಾಲೆಯ ಮಕ್ಕಳ ತಲೆಗಳು. (42 ಅಂದಾಗ ನೆನಪಾಯಿತು, 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ಯುನೆಸ್ಕೋ ಪಟ್ಟಿಗೆ ಸೇರಿಸಿದರಲ್ಲ, ಅದು ಭಾರತದ 42ನೆಯ ವಿಶ್ವ ಪರಂಪರೆಯ ತಾಣ. ಮದನಿಕೆಯರೇ ಒತ್ತಾಯ ಮಾಡಿ ಆ ಸಂಖ್ಯೆ ಪಡೆದರೋ ಏನೋ.)

ನನ್ನ ವಾದ ಇಷ್ಟೇ: ರಾತ್ರಿ ಉಳಿಯದ ಊರನ್ನು ನೋಡಿದೆ ಎನ್ನಬಾರದು. ಮಧ್ಯಾಹ್ನ ಒಂದೂವರೆಗೆ ಬೇಲೂರಿನ ಗುಡಿಯ ಅಂಗಳಕ್ಕೆ ಹೋದವರಿಗೆ ಗೊತ್ತು. ಚಪ್ಪಲಿ ಹೊರಗೆ ಬಿಟ್ಟಿರುತ್ತೇವೆ, ಚಪ್ಪಡಿ ಕಾದ ಕಾವಲಿಯಾಗಿರುತ್ತದೆ. ಎಲ್ಲರೂ ಭರತನಾಟ್ಯ ಮಾಡಿಕೊಂಡು ನೆರಳಿಗೆ ಓಡುತ್ತೇವೆ. ತಲೆಯೆತ್ತಿ ನೋಡಬೇಕಾದ ಗುಡಿಯನ್ನು ಕಾಲು ನೋಡಿಕೊಂಡು ಸುತ್ತಿ ಬರುತ್ತೇವೆ. ಅದೇ ಅಂಗಳ ಬೆಳಗ್ಗೆ ಏಳೂವರೆಗೆ ತಣ್ಣಗಿರುತ್ತದೆ. ಬಿಸಿಲು ಓರೆಯಾಗಿ ಬಿದ್ದಾಗ ಬಳಪದ ಕಲ್ಲಿನ ಒಂದೊಂದು ಗೆರೆಗೂ ನೆರಳು ಹುಟ್ಟುತ್ತದೆ. ನಿವೃತ್ತಿಯಾದ ಮೇಲೆ ಒಬ್ಬನೇ ಹೋಗಿ ಎರಡು ರಾತ್ರಿ ಉಳಿದೆ. ಆಗ ಗೈಡ್ ಒಬ್ಬರು ಒಬ್ಬ ಮದನಿಕೆಯ ತಲೆಯ ಮೇಲಿನ ಬಳ್ಳಿ ಚಪ್ಪರವನ್ನು ತೋರಿಸಿದರು. ಅದರಲ್ಲೊಂದು ಹಲಸಿನ ಹಣ್ಣು, ಹಣ್ಣಿನ ಮೇಲೆ ನೊಣ, ನೊಣಕ್ಕೆ ಹೊಂಚು ಹಾಕಿದ ಹಲ್ಲಿ. ಎಲ್ಲ ಸೇರಿ ನನ್ನ ಅಂಗೈಯಷ್ಟೂ ಇಲ್ಲ.

ಹಲಸಿನ ಹಣ್ಣು! ದೇವಲೋಕದ ಪಾರಿಜಾತ ಅಲ್ಲ, ಕಲ್ಪವೃಕ್ಷ ಅಲ್ಲ. ಮಳೆಗಾಲಕ್ಕೆ ಮುಂಚೆ ಹಿತ್ತಿಲಲ್ಲಿ ಬಿದ್ದು ನೊಣ ಮುತ್ತುತ್ತದಲ್ಲ, ಅದು. ಈ ರಾಜಧಾನಿಯ ಗುಡಿಗೆ ಮಲೆನಾಡಿನ ಹಿತ್ತಿಲು ಹೇಗೆ ಹತ್ತಿ ಕುಳಿತಿತು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ನೀವೆಲ್ಲ ತಿಳಿದವರು, ವಿವರಿಸಬೇಕಿಲ್ಲ. ಹೊಯ್ಸಳ ದೊರೆ ವಿಷ್ಣುವರ್ಧನ ತಲಕಾಡಿನಲ್ಲಿ ಚೋಳರನ್ನು ಸೋಲಿಸಿದ, 1117ರಲ್ಲಿ ಬೇಲೂರಿನ ಯಗಚಿಯ ದಡದಲ್ಲಿ ವಿಜಯನಾರಾಯಣನನ್ನು, ಅಂದರೆ ಇವತ್ತಿನ ಚೆನ್ನಕೇಶವನನ್ನು, ಪ್ರತಿಷ್ಠಾಪಿಸಿದ. ಆ ವಂಶದ ಶಾಸನಗಳಲ್ಲಿ ಬಿರುದುಗಳ ಸಾಲು ಬರುತ್ತದೆ: ದ್ವಾರಾವತೀಪುರವರಾಧೀಶ್ವರ, ಯಾದವಕುಲಾಂಬರದ್ಯುಮಣಿ, ಸಮ್ಯಕ್ತ್ವಚೂಡಾಮಣಿ. ಎಲ್ಲ ಸಂಸ್ಕೃತ, ಗುಜರಾತಿನ ದ್ವಾರಕೆಯ ಸಮುದ್ರದವರೆಗೆ ನಂಟು. ಇಷ್ಟಾದ ಮೇಲೆ ಇದ್ದಕ್ಕಿದ್ದಂತೆ ಅಚ್ಚ ಕನ್ನಡದಲ್ಲಿ ‘ಮಲೆಪರೊಳ್ಗಂಡ’. ಮಲೆಪರು ಎಂದರೆ ಬೆಟ್ಟದ ನಾಯಕರು. ಅವರ ನಡುವೆ ಗಂಡು ನಾನು ಎಂದು. ಬಯಲು ಸೀಮೆಯನ್ನೆಲ್ಲ ಗೆದ್ದ ಮೇಲೂ ಈ ಬಿರುದನ್ನು ಬಿಡಲಿಲ್ಲ, ನಾಣ್ಯದ ಮೇಲೂ ಹಾಕಿಸಿದರು. ಬೆಂಗಳೂರಿನಲ್ಲಿ ನಾಲ್ಕು ಮಹಡಿ ಮನೆ ಕಟ್ಟಿಸಿದವನು ಗೇಟಿನ ಮೇಲೆ ತನ್ನ ಹಳ್ಳಿಯ ಹೆಸರು ಬರೆಸುವುದಿಲ್ಲವೇ, ಹಾಗೆ.

ಆ ಹಳ್ಳಿ ಯಾವುದು? ಶಾಸನಗಳ ಸೊಸೆವೂರು, ಕಥೆಯ ಶಶಕಪುರ, ಇವತ್ತಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ. ಸುದತ್ತ ಮುನಿ ‘ಹೊಯ್ ಸಳ’ ಎಂದದ್ದು, ಸಳ ಹುಲಿಯನ್ನು ಹೊಡೆದದ್ದು ಅಲ್ಲಿಯ ವಾಸಂತಿಕಾ ದೇವಿಯ ಗುಡಿಯ ಹತ್ತಿರ ಎಂದು ಕಥೆ. ಸಳ ನಿಜವಾಗಿ ಇದ್ದನೇ ಎಂದು ವಿದ್ವಾಂಸರಿಗೆ ಅನುಮಾನ. ಹುಲಿ ಚೋಳರ ಲಾಂಛನ, ಹಾಗಾಗಿ ಇದು ಚೋಳರನ್ನು ಗೆದ್ದದ್ದರ ರೂಪಕ ಎನ್ನುವವರಿದ್ದಾರೆ. ಇರಲಿ. ಕಲ್ಲಿನಲ್ಲಿ ಆ ಹುಲಿಯನ್ನು ನೋಡಿದರೆ ಸಿಂಹದ ಹಾಗಿದೆ. ಹುಲಿಯೇ ಸ್ಪಷ್ಟವಿಲ್ಲದಿರುವಾಗ ಸಳನ ಬಗ್ಗೆ ಜಗಳವೇಕೆ?

ಈಗ ಅಂಗಡಿಗೆ ಹೋದ ಕಥೆ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಆದರೂ ಹೇಳುತ್ತೇನೆ.

ಬೇಲೂರಿನ ವಸತಿಗೃಹದ ಮ್ಯಾನೇಜರಿಗೆ ರಾತ್ರಿಯೇ ಹೇಳಿದೆ, “ನಾಳೆ ಬೆಳಗ್ಗೆ ಬೇಗ ಅಂಗಡಿಗೆ ಹೋಗಬೇಕು.” ಅವರು, “ಏನು ಬೇಕಿತ್ತು ಸಾರ್? ಹುಡುಗನ ಕೈಯಲ್ಲಿ ತರಿಸಿಕೊಡುತ್ತೇನೆ” ಎಂದರು. ಮನೆಗೆ ಫೋನ್ ಮಾಡಿ, “ನಾಳೆ ಬರುವುದಿಲ್ಲ, ಅಂಗಡಿಗೆ ಹೋಗುತ್ತಿದ್ದೇನೆ” ಎಂದೆ. “ಎರಡು ದಿನ ಯಾವ ಅಂಗಡಿ? ಹೇಗೂ ಹೋಗುತ್ತೀರಲ್ಲ, ತೊಗರಿಬೇಳೆ ಮುಗಿದಿದೆ” ಎಂದಳು ಹೆಂಡತಿ. ಒಂದು ಸಾಮ್ರಾಜ್ಯದ ತವರೂರಿನ ಹೆಸರು ಹೇಳಿದರೆ ಬೇಳೆ ನೆನಪಾಗುವ ಹಾಗೆ ಆಗಿದೆ ಕಾಲ.

ಮೂಡಿಗೆರೆಯಲ್ಲಿ ಬಸ್ ಬದಲಿಸಿದೆ. ಕಂಡಕ್ಟರಿಗೆ ಅಂಗಡಿ ಗೊತ್ತಿತ್ತು. ಆತ ಟಿಕೆಟ್ ಕೊಡುವ ಮೊದಲು ಕೇಳಿದ್ದು, “ಯಾರ ಮನೆಗೆ?” ನಾನು ತಬ್ಬಿಬ್ಬಾದೆ. ಬೇಲೂರಿನಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಅಲ್ಲಿ ಪ್ರವಾಸಿ ಒಂದು ಜಾತಿ, ಅವನಿಗೆ ಮನೆ ಬೇಕಿಲ್ಲ, ಟಿಕೆಟ್ ಸಾಕು. ಮಲೆನಾಡಿನ ಹಳ್ಳಿಯಲ್ಲಿ ಊರಿಗೆ ಹೋಗುವುದು ಎಂಬುದೇ ಇಲ್ಲ, ಯಾರದಾದರೂ ಮನೆಗೆ ಹೋಗಬೇಕು. ಮನೆಗಳೂ ಹಾಗೆಯೇ, ಒಂದು ಗುಡ್ಡದ ಈಚೆ, ಇನ್ನೊಂದು ತೋಟದ ಆಚೆ. ತಮಾಷೆಗೆ “ಸಳನ ಮನೆಗೆ” ಎಂದೆ. ಆತ ಗಂಭೀರವಾಗಿ ಯೋಚಿಸಿ, “ಆ ಹೆಸರಿನವರು ಈಗ ಇಲ್ಲಿ ಯಾರೂ ಇಲ್ಲ ಸಾರ್, ತೋಟ ಮಾರಿ ಹೋಗಿರಬೇಕು” ಎಂದ!

ಇಷ್ಟು ಸರಿಯಾದ ಇತಿಹಾಸವನ್ನು ನನಗೆ ಯಾವ ಪ್ರಾಧ್ಯಾಪಕರೂ ಹೇಳಿರಲಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಅವರು ಹಾಗೆಯೇ ಬೆಟ್ಟ ಇಳಿದು ಬೇಲೂರಿಗೆ, ದೋರಸಮುದ್ರಕ್ಕೆ, ಅಂದರೆ ಇವತ್ತಿನ ಹಳೇಬೀಡಿಗೆ, ಹೋದರು.

ಅಂಗಡಿಯಲ್ಲಿ ನೋಡಲು ಏನಿದೆ ಎಂದು ಕೇಳಬೇಡಿ. ಕಾಫಿ ತೋಟದ ನಡುವೆ ಬಸದಿ, ಕಾಲಕ್ಕೆ ಸಿಕ್ಕಿದ ಹೊಯ್ಸಳ ಗುಡಿಗಳು, ಈಗಲೂ ಪೂಜೆ ನಡೆಯುವ ವಾಸಂತಿಕೆಯ ಗುಡಿ. ಫೋಟೋ ತೆಗೆದರೆ ಐದೇ ನಿಮಿಷ. ನಾನು ಹೋದದ್ದು ಜುಲೈನಲ್ಲಿ, ಬುದ್ಧಿ ಇದ್ದವರು ಹೋಗದ ಕಾಲದಲ್ಲಿ. ಗುಡಿಯ ಹತ್ತಿರ ಮಳೆ ಹಿಡಿದುಕೊಂಡಿತು. ಒಂದು ಹೆಂಚಿನ ಮನೆಯ ಜಗಲಿಗೆ ಓಡಿದೆ. ಒಳಗಿನಿಂದ ಬಂದ ಅಜ್ಜಿ ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು. “ಇಂಬಳ ಹತ್ತಿದೆ” ಎಂದರು. ಬಯಲು ಸೀಮೆಯವನಾದ ನನಗೆ ಇಂಬಳ, ಅಂದರೆ ಮಲೆನಾಡಿನ ಜಿಗಣೆ, ಅಮ್ಮ ಹೆದರಿಸಲು ಬಳಸುತ್ತಿದ್ದ ಪದ ಅಷ್ಟೇ. ಬಗ್ಗಿ ನೋಡಿದರೆ ಎಡಗಾಲಿನ ಹೆಬ್ಬೆರಳ ಸಂದಿಯಲ್ಲಿ ನನ್ನ ರಕ್ತ ಕುಡಿದು ದ್ರಾಕ್ಷಿಯಾಗಿ ಕುಳಿತಿತ್ತು. ನಾನು ಕೂಗಿದ್ದಕ್ಕೆ ತೋಟದ ನಾಯಿ ಎದ್ದಿತು. ಅಜ್ಜಿ ಅಡುಗೆ ಮನೆಯಿಂದ ಚಿಟಿಕೆ ಉಪ್ಪು ತಂದು ಹಾಕಿದರು, ಬಿತ್ತು. “ಪಾಪ, ಅದಕ್ಕೂ ಹೊಟ್ಟೆ” ಎಂದು ಹೇಳಿ ನನ್ನ ಹೊಟ್ಟೆಯನ್ನೂ ಕೇಳಿದರು. ಬೆಲ್ಲದ ಕಾಫಿ, ಕೆಂಡದಲ್ಲಿ ಸುಟ್ಟ ಹಲಸಿನ ಬೀಜ.

ಬೀಜ ಸುಲಿಯುತ್ತ ಬೇಲೂರಿನ ಹಲ್ಲಿಯ ಕಥೆ ಹೇಳಿದೆ. ಅಜ್ಜಿ ಬೇಲೂರಿಗೆ ಒಂದೇ ಸಲ ಹೋದವರು, ಮದುವೆಯಾದ ಹೊಸದರಲ್ಲಿ. ಹಲ್ಲಿಯನ್ನು ನೋಡಿರಲಿಲ್ಲ. “ಹಣ್ಣು ಒಡೆದಿತ್ತೋ ಇಡಿಯದೋ?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. “ಇಡೀ ಹಣ್ಣಿಗೆ ನೊಣ ಹೆಚ್ಚು ಬರುವುದಿಲ್ಲ, ಒಡೆದದ್ದಕ್ಕೆ ಮುತ್ತುತ್ತದೆ” ಎಂದರು. ಆ ಪ್ರಶ್ನೆಗೆ ಉತ್ತರ ನೋಡಲು ಮರುದಿನ ಮತ್ತೆ ಬೇಲೂರಿಗೆ ಹೋದೆ. ಮಳೆಯಲ್ಲಿ ಕತ್ತು ನೋಯುವವರೆಗೆ ನೋಡಿದೆ. ನನ್ನ ಕಣ್ಣಿಗೆ ಅಷ್ಟು ಸೂಕ್ಷ್ಮ ಸಿಗಲಿಲ್ಲ, ದುರ್ಬೀನು ತಂದಿರಲಿಲ್ಲ. ಆ ದಿನ ಜಗಲಿಯಿಂದ ಹೊರಡುವಾಗ ಅಜ್ಜಿ ಹೇಳಿದ್ದು, “ಮುಂದಿನ ಸಲ ಕಂಡಕ್ಟರ್ ಕೇಳಿದರೆ ನಮ್ಮ ಮನೆ ಹೇಳಿ.”

ಚೀಟಿ ಬಂತು. ಇನ್ನು ಹತ್ತು ನಿಮಿಷವಂತೆ. ಹಾಗಾದರೆ ಎರಡನೆಯ ಅಂಶಕ್ಕೆ ಬರುತ್ತೇನೆ.

ಹಳೇಬೀಡು. ಬಸ್ಸುಗಳು ಸಾಲುಗಟ್ಟಿ ನಿಂತು ಹೊರಡುವ ಊರು. ಹೊಯ್ಸಳೇಶ್ವರ ಗುಡಿಯ ಆನೆ ಸಾಲು, ಕುದುರೆ ಸಾಲು, ರಾಮಾಯಣದ ಸಾಲು ನೋಡಿ ಎಲ್ಲರೂ ಹತ್ತುತ್ತಾರೆ. ಹತ್ತಿರದಲ್ಲೇ ಒಂದು ಕಂಬವಿದೆ, ಅಲ್ಲಿ ನಿಲ್ಲುವವರು ಕಡಿಮೆ. ಎರಡನೆಯ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನ ಗರುಡಗಂಬ. 1220ರಲ್ಲಿ ರಾಜ ಸತ್ತಾಗ ಅವನ ಜೊತೆಗೇ ಸಾಯುವ ಭಾಷೆ ಕೊಟ್ಟಿದ್ದ ಲಕ್ಷ್ಮ, ಅವನ ಹೆಂಡತಿ, ಅವನ ಭಟರು ಪ್ರಾಣ ಬಿಟ್ಟರು. ಕಂಬದ ಸುತ್ತ ಕತ್ತಿ ಹಿಡಿದು ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ಮನುಷ್ಯರು. ಹಳಗನ್ನಡದ ಶಾಸನ ಓದುತ್ತ ಹೋದರೆ ಕೊನೆ ಸಿಗುವುದಿಲ್ಲ, ಅದು ಅರ್ಧಕ್ಕೇ ನಿಂತಿದೆ. ಯಾಕೆ ನಿಂತಿತು? ಕೆತ್ತುವವನೇ ಹೋದನೋ, ಹೇಳಿ ಬರೆಸುವವನೋ? ಐದೂವರೆಗೆ ಕೊನೆಯ ಬಸ್ಸು ಹೊರಟ ಮೇಲೆ ಅದರ ಮುಂದೆ ಒಬ್ಬನೇ ನಿಂತಿದ್ದೆ. ಗುಡಿಯ ಆನೆ ಸಾಲಿಗಿಂತ ಹೆಚ್ಚು ಆ ಅರ್ಧ ಶಾಸನ ನನ್ನ ಜೊತೆ ಊರಿಗೆ ಬಂತು. ಅದಕ್ಕೇ ಹೇಳಿದ್ದು, ರಾತ್ರಿ ಉಳಿಯದ ಊರನ್ನು ನೋಡಿದೆ ಎನ್ನಬಾರದು ಎಂದು. ಮತ್ತೆ ಹೇಳಿದೆ, ಕ್ಷಮಿಸಿ.

ಬಸ್ತಿಹಳ್ಳಿಯ ಬಸದಿಗಳ ಕಂಬಗಳಲ್ಲಿ ಮುಖ ಕಾಣುತ್ತದೆ, ಹಳೇಬೀಡಿನಿಂದ ನಡೆದೇ ಹೋಗಬಹುದು. ಬೆಳವಾಡಿಯ ವೀರನಾರಾಯಣನಿಗೆ ಅರ್ಧ ದಿನ ಕೊಡಿ. ಶಿಲ್ಪಿಗಳು ತಮ್ಮ ಹೆಸರು ಕೆತ್ತಿರುವುದನ್ನು ಹುಡುಕಿ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಇದ್ದಾನೆ, ಅವನ ಮಗ ಚಾವಣ ಇದ್ದಾನೆ. ಅಪ್ಪ-ಮಗ ಇಬ್ಬರೂ ಮಲೆನಾಡಿನ ಅಂಚಿನವರೇ. ಹಲಸು ಗೊತ್ತಿಲ್ಲದೇ ಇರುತ್ತದೆಯೇ? ಇವು ಮೂರನೆಯ, ನಾಲ್ಕನೆಯ ಅಂಶಗಳಾಗಿದ್ದವು, ಕೆಲವೇ ವಾಕ್ಯಗಳಲ್ಲಿ ಮುಗಿದವು.

ಐದನೆಯದು ಬೆಟ್ಟದ ಹಳ್ಳಿಗಳಿಗೆ ನಾವು ಕೊಡುವ ಕಾಟ. ಶನಿವಾರ ಮುಳ್ಳಯ್ಯನಗಿರಿಯ ದಾರಿಯಲ್ಲಿ ಕಾರುಗಳ ಸಾಲು ನೋಡಿದರೆ ಸಾಕು, ಭಾಷಣ ಬೇಡ. ಹೋಮ್‌ಸ್ಟೇಯಲ್ಲಿ ರಾತ್ರಿ ಹನ್ನೆರಡಕ್ಕೆ ಡೋಲು ಬಡಿಯುವವರು ಆ ಊರಲ್ಲಿ ಉಳಿದರು ಎಂದು ನಾನು ಲೆಕ್ಕ ಹಾಕುವುದಿಲ್ಲ. ಆರು ಮತ್ತು ಏಳು ಜೇಬಿನಲ್ಲೇ ಇರಲಿ.

ಕಾರ್ಯದರ್ಶಿಗಳೇ, ಆ ಪ್ರಕಟಣೆಗೆ ಒಂದು ತಿದ್ದುಪಡಿ. ಶ್ರವಣಬೆಳಗೊಳವನ್ನು ಇನ್ನೊಂದು ತಿಂಗಳಿಗೆ ಇಡೋಣ. ಒಂದು ರಾತ್ರಿ ಬೇಲೂರು, ಒಂದು ರಾತ್ರಿ ಮೂಡಿಗೆರೆ. ಖರ್ಚು ಹೆಚ್ಚಾಗುತ್ತದೆ ಎಂದರೆ ಮಧ್ಯಾಹ್ನದ ಸಿಹಿ ಬಿಡೋಣ. ಎಲ್ಲರೂ ಒಂದು ಪೊಟ್ಟಣ ಉಪ್ಪು ತರಬೇಕು, ಯಾರದಾದರೂ ಮನೆಯಲ್ಲಿ ದುರ್ಬೀನು ಇದ್ದರೆ ಅದನ್ನೂ. ನನ್ನ ಹೆಸರನ್ನು ಈಗಲೇ ಬರೆದುಕೊಳ್ಳಿ, ಕಿಟಕಿ ಪಕ್ಕದ ಸೀಟು. ನಮಸ್ಕಾರ.