ಫಿಟ್ಸ್ ನಿಂತಿದೆ, ಔಷಧಿ ನಿಲ್ಲಿಸಬಹುದಾ?

ಕೇಳುಗರಿಗೆಲ್ಲ ನಮಸ್ಕಾರ.

ಕೆಲವು ವರ್ಷಗಳ ಹಿಂದಿನ ಮಾತು. ರಾತ್ರಿ ಹನ್ನೊಂದರ ಹೊತ್ತಿಗೆ ಒಬ್ಬ ತಾಯಿ ಆರು ವರ್ಷದ ಮಗನನ್ನು ಎತ್ತಿಕೊಂಡು ಓಡಿ ಬಂದರು. ಹುಡುಗನಿಗೆ ಫಿಟ್ಸ್ ನಿಲ್ಲುತ್ತಲೇ ಇರಲಿಲ್ಲ. ಇಂಜೆಕ್ಷನ್ ಕೊಟ್ಟು, ಆಕ್ಸಿಜನ್ ಹಾಕಿ, ಅವನು ಸುಧಾರಿಸಿಕೊಳ್ಳುವಾಗ ಬೆಳಗಿನ ಜಾವ. ಆಮೇಲೆ ಕೇಳಿದೆ, ಔಷಧಿ ಕೊಡುತ್ತಿದ್ದಿರಿ ಅಲ್ವಾ ಅಂತ. ಅವರು ಬ್ಯಾಗಿನಿಂದ ಒಂದು ಖಾಲಿ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. “ಎಂಟು ತಿಂಗಳಿಂದ ಒಂದ್ ಸಲಾನೂ ಬಂದಿರ್ಲಿಲ್ಲ ಡಾಕ್ಟ್ರೇ. ವಾಸಿ ಆಯ್ತು ಅಂದ್ಕೊಂಡ್ವಿ. ಬಾಟ್ಲಿ ಖಾಲಿ ಆಯ್ತು, ಮತ್ತೆ ತರ್ಲಿಲ್ಲ.”

ಅವರಿಗೆ ಬೈಯಲು ನನಗೆ ಬಾಯಿ ಬರಲಿಲ್ಲ. ಜ್ವರ ಬಿಟ್ಟರೆ ಮಾತ್ರೆ ಬಿಡುತ್ತೇವೆ, ಕೆಮ್ಮು ಹೋದರೆ ಸಿರಪ್ ಬಿಡುತ್ತೇವೆ. ಫಿಟ್ಸ್ ಔಷಧಿಯ ಲೆಕ್ಕ ಬೇರೆ ಎಂದು ಅವರಿಗೆ ಬಿಡಿಸಿ ಹೇಳಿದವರೇ ಇಲ್ಲ. ನಾನು ಹೇಳಿದ್ದೇನೆ ಎಂದುಕೊಂಡಿದ್ದೆ. ಹಳೆಯ ಚೀಟಿ ತೆಗೆದು ನೋಡಿದರೆ ಔಷಧಿಯ ಹೆಸರಿನ ಕೆಳಗೆ ‘ಮುಂದುವರಿಸಿ’ ಅಂತ ಒಂದೇ ಪದ. ಅಕ್ಷರ ನನ್ನದೇ.

ಆ ಚೀಟಿಯಲ್ಲಿ ಬರೆಯದೆ ಹೋದದ್ದನ್ನು ಇವತ್ತು ಹೇಳುತ್ತೇನೆ.

ಮೊದಲು ಈ ಔಷಧಿ ಮಾಡುವ ಕೆಲಸ. ಮೆದುಳಿನ ಜೀವಕೋಶಗಳು ಸಣ್ಣ ಸಣ್ಣ ವಿದ್ಯುತ್ ಅಲೆಗಳಿಂದ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಒಂದಷ್ಟು ಕೋಶಗಳು ಇದ್ದಕ್ಕಿದ್ದಂತೆ ಎಲ್ಲಾ ಒಟ್ಟಿಗೆ ಕೂಗೆಬ್ಬಿಸಿದರೆ ಅದೇ ಫಿಟ್ಸ್. ಔಷಧಿ ಆ ಗದ್ದಲ ಏಳದಂತೆ ತಡೆಯುತ್ತದೆ, ಅಷ್ಟೇ. ರೋಗದ ಬೇರನ್ನು ಕೀಳುವುದಿಲ್ಲ. ರಾತ್ರಿ ಹೊಲದಲ್ಲಿ ಅಟ್ಟಣೆ ಕಟ್ಟಿ ಕಾವಲು ಕೂರುತ್ತಾರಲ್ಲ, ಹಾಗೆ. ಕಾವಲಿದೆ, ಹಂದಿ ಬರಲಿಲ್ಲ. ಹಂದಿ ಬರಲಿಲ್ಲವಲ್ಲ ಅಂತ ಕಾವಲಿನವನನ್ನು ಮನೆಗೆ ಕಳಿಸಿದರೆ ಮಾರನೇ ದಿನ ಹೊಲ ನೋಡಬೇಕು. ಔಷಧಿಯನ್ನು ಒಮ್ಮೆಗೇ ನಿಲ್ಲಿಸಿದಾಗ ಬರುವ ಫಿಟ್ಸ್ ಕೆಲವು ಸಲ ಮೊದಲಿನದ್ದಕ್ಕಿಂತ ಜೋರು. ಆ ಹುಡುಗನಿಗೆ ಆದದ್ದು ಅದೇ.

ಈ ಔಷಧಿಗಳು ಸಿಕ್ಕಿದ ರೀತಿಯೂ ಸ್ವಾರಸ್ಯವಾಗಿದೆ. 1912ರಲ್ಲಿ ಜರ್ಮನಿಯ ಆಲ್ಫ್ರೆಡ್ ಹಾಪ್ಟ್‌ಮನ್ ಎಂಬ ಯುವ ವೈದ್ಯ ನಿದ್ದೆ ಬರಲೆಂದು ಫಿಟ್ಸ್ ರೋಗಿಗಳಿಗೆ ಫೆನೋಬಾರ್ಬಿಟಾಲ್ ಕೊಟ್ಟ. ನಿದ್ದೆಯೂ ಬಂತು, ಫಿಟ್ಸೂ ಕಡಿಮೆಯಾಯಿತು. ನಮ್ಮಲ್ಲಿ ಗಾರ್ಡಿನಾಲ್ ಎಂದು ಸಿಗುವುದು ಅದೇ. ವಾಲ್ಪ್ರೊಯೇಟ್ ಎಂಬ ಇನ್ನೊಂದು ಫಿಟ್ಸ್ ಔಷಧಿಯದ್ದು ಇನ್ನೂ ತಮಾಷೆ. ಅದನ್ನು ಬೇರೆ ಔಷಧಿಗಳನ್ನು ಕರಗಿಸಲು ದ್ರಾವಕವಾಗಿ ಬಳಸುತ್ತಿದ್ದರು. 1960ರ ದಶಕದ ಆರಂಭದಲ್ಲಿ ಫ್ರಾನ್ಸಿನಲ್ಲಿ ಪರೀಕ್ಷೆ ಮಾಡುವಾಗ, ಕರಗಿಸಿದ್ದು ಏನೇ ಆಗಿರಲಿ, ಫಿಟ್ಸ್ ತಡೆಯುತ್ತಿತ್ತು. ಕೆಲಸ ಮಾಡುತ್ತಿದ್ದದ್ದು ದ್ರಾವಕವೇ!

ಹಳೆಯದು ಎಂದು ಮೂಗು ಮುರಿಯಬೇಡಿ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಅವರ ತಂಡ ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ಹಳ್ಳಿಗಳ ರೋಗಿಗಳಿಗೆ ಫೆನೋಬಾರ್ಬಿಟಾಲ್, ಫೆನಿಟಾಯಿನ್ ಎಂಬ ಅಗ್ಗದ ಹಳೆ ಔಷಧಿಗಳಿಂದಲೇ ಚಿಕಿತ್ಸೆ ನಡೆಸಿ ತೋರಿಸಿದರು. 2001ರಲ್ಲಿ ಅದು ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಸರಿಯಾಗಿ ಚಿಕಿತ್ಸೆ ಸಿಕ್ಕರೆ 100ರಲ್ಲಿ 70 ಜನ ಫಿಟ್ಸ್ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಆದರೆ ಪಕ್ಕದ ಮನೆ ಮಗುವಿಗೆ ಹಿಡಿಸಿದ ಔಷಧಿ ನಿಮ್ಮ ಮಗುವಿಗೆ ಹಿಡಿಸಬೇಕು ಅಂತಿಲ್ಲ. ಫಿಟ್ಸ್ ಎಂದರೆ ಕೈಕಾಲು ಸೆಳೆದು ಬಾಯಲ್ಲಿ ನೊರೆ ಬರುವುದೊಂದೇ ಅಲ್ಲ. ಕೆಲವು ಮಕ್ಕಳು ಪಾಠ ಕೇಳುತ್ತಾ ಹತ್ತು ಸೆಕೆಂಡು ಹಾಗೇ ನೋಡುತ್ತಾ ನಿಂತುಬಿಡುತ್ತವೆ. ‘ಗಮನ ಎಲ್ಲಿದೆ?’ ಎಂದು ಮೇಷ್ಟ್ರು ಗದರುತ್ತಾರೆ. ಅದೂ ಫಿಟ್ಸೇ. ಇದಕ್ಕೆ ಎಥೊಸಕ್ಸಿಮೈಡ್ ಅಥವಾ ವಾಲ್ಪ್ರೊಯೇಟ್ ಒಳ್ಳೆಯದು. ಮೆದುಳಿನ ಒಂದು ಭಾಗದಿಂದ ಹುಟ್ಟುವ ಫಿಟ್ಸ್‌ಗೆ ಚೆನ್ನಾಗಿ ಕೆಲಸ ಮಾಡುವ ಕಾರ್ಬಮಜೆಪಿನ್ ಇಲ್ಲಿ ಕೊಟ್ಟರೆ ಕಡಿಮೆಯಾಗುವ ಬದಲು ಜಾಸ್ತಿಯಾಗಬಹುದು. ಅದಕ್ಕೇ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಬನ್ನಿ ಎನ್ನುತ್ತೇವೆ. ಹತ್ತು ನಿಮಿಷದ ವರ್ಣನೆಗಿಂತ ಅರ್ಧ ನಿಮಿಷದ ವಿಡಿಯೊ ಎಷ್ಟೋ ವಾಸಿ.

ಒಂದು ವರ್ಷದೊಳಗಿನ ಕೂಸು ನಿದ್ದೆಯಿಂದ ಎದ್ದ ತಕ್ಷಣ, ತಲೆ ಬಗ್ಗಿಸಿ ಕೈ ಚಾಚಿ, ಬೆಚ್ಚಿದ ಹಾಗೆ ಸಾಲಾಗಿ ಮಾಡುತ್ತಿದ್ದರೆ ಹೊಟ್ಟೆನೋವು, ದೃಷ್ಟಿ ಅಂತ ಕಾಯಬೇಡಿ. ಅದೂ ಒಂದು ಬಗೆಯ ಫಿಟ್ಸೇ, ಅದಕ್ಕೆ ಎಸಿಟಿಎಚ್ ಎಂಬ ಹಾರ್ಮೋನಿನ ಇಂಜೆಕ್ಷನ್, ಸ್ಟೀರಾಯ್ಡ್ ಅಥವಾ ವಿಗಾಬಾಟ್ರಿನ್ ಬೇಕು. ಒಂದು ವಾರ ತಡವಾದರೂ ಮಗುವಿನ ಬುದ್ಧಿ ಬೆಳವಣಿಗೆಗೆ ಪೆಟ್ಟು ಬೀಳಬಹುದು.

ಈಗ ಅಡುಗೆಮನೆಗೆ ಬರೋಣ. ತಪ್ಪುಗಳು ಜಾಸ್ತಿ ಆಗುವುದು ಅಲ್ಲೇ, ಅಳತೆಯಲ್ಲಿ. ಮನೆಯ ಚಮಚಗಳು ಒಂದರ ಹಾಗೆ ಇನ್ನೊಂದಿರುವುದಿಲ್ಲ. ಸೂಜಿ ಇಲ್ಲದ ಸಿರಿಂಜ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಅದರಲ್ಲೇ ಅಳೆಯಿರಿ. ಎಂಜಿ ಬೇರೆ, ಎಂಎಲ್ ಬೇರೆ. ಎಂಜಿ ಅಂದರೆ ಔಷಧಿಯ ತೂಕ, ಎಂಎಲ್ ಅಂದರೆ ಸಿರಪ್‌ನ ಅಳತೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ವಾಲ್ಪ್ರೊಯೇಟ್ ಸಿರಪ್‌ನಲ್ಲಿ 200 ಎಂಜಿ ಬೇಕಾದರೆ 5 ಎಂಎಲ್ ತೆಗೆಯಬೇಕು. ಲೆವೆಟಿರಾಸಿಟಮ್ ಸಿರಪ್‌ನಲ್ಲಿ ಅದೇ 200 ಎಂಜಿಗೆ 2 ಎಂಎಲ್ ಸಾಕು. ಔಷಧಿ ಬದಲಾಗಿದೆ, ಆದರೆ ಅಜ್ಜಿ ಅಭ್ಯಾಸಬಲದಿಂದ 5 ಎಂಎಲ್ ಹಾಕುತ್ತಾರೆ. ಮಗು ಇಡೀ ದಿನ ಮಂಪರು. ಅಜ್ಜಿಯದೇನು ತಪ್ಪು? ಸಿರಿಂಜಿನ ಮೇಲೆ ಎಷ್ಟು ತೆಗೆಯಬೇಕೋ ಅಲ್ಲಿಗೆ ಬಣ್ಣದ ಟೇಪ್ ಅಂಟಿಸಿಡಿ ಎಂದು ಈಗ ಹೇಳುತ್ತೇನೆ. ಡೋಸ್ ಬದಲಾದರೆ ಟೇಪನ್ನೂ ಬದಲಿಸಿ.

ಫೆನಿಟಾಯಿನ್ ಸಿರಪ್ ಇದ್ದರೆ ಪ್ರತಿ ಸಲವೂ ಬಾಟಲಿ ಕುಲುಕಬೇಕು. ಅದು ಸಾರಿನ ಹಾಗೆ, ಮೇಲೆ ತಿಳಿ, ತಳದಲ್ಲಿ ಗಟ್ಟಿ. ಕುಲುಕದೆ ಕೊಟ್ಟರೆ ತಿಂಗಳ ಮೊದಲಲ್ಲಿ ಮಗುವಿಗೆ ಸಿಗುವುದು ಬರೀ ತಿಳಿ, ಫಿಟ್ಸ್ ಬರುತ್ತದೆ. ಕೊನೆಯಲ್ಲಿ ಸಿಗುವುದು ಗಟ್ಟಿ, ಮಗು ತೂರಾಡುತ್ತದೆ.

ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ಕೊಡಿ. ಮುಂದಿನ ಡೋಸಿನ ಸಮಯವೇ ಆಗಿದ್ದರೆ ಎರಡನ್ನೂ ಸೇರಿಸಿ ಕೊಡಬೇಡಿ. ಕೊಟ್ಟ ತಕ್ಷಣ ವಾಂತಿಯಾದರೆ ಏನು ಮಾಡಬೇಕು ಎಂದು ನಿಮ್ಮ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಜಾತ್ರೆ, ಮದುವೆ ಅಂತ ಊರಿಗೆ ಹೊರಟಾಗ ಬಟ್ಟೆಗಿಂತ ಮೊದಲು ಬಾಟಲಿ ಬ್ಯಾಗಿಗೆ ಹೋಗಲಿ. ಬೇರೆ ಕಾಯಿಲೆಗೆ ಯಾವ ಡಾಕ್ಟರ ಹತ್ತಿರ ಹೋದರೂ ಈ ಔಷಧಿಯ ವಿಷಯ ಹೇಳಿ. ಕಾರ್ಬಮಜೆಪಿನ್ ತೆಗೆದುಕೊಳ್ಳುವ ಮಗುವಿಗೆ ಎರಿಥ್ರೊಮೈಸಿನ್ ಕೊಟ್ಟರೆ ರಕ್ತದಲ್ಲಿ ಕಾರ್ಬಮಜೆಪಿನ್ ಮಟ್ಟ ಏರಿಬಿಡುತ್ತದೆ.

ಅಡ್ಡಪರಿಣಾಮ ಇಲ್ಲವೇ ಇಲ್ಲ ಎಂದರೆ ಸುಳ್ಳು ಹೇಳಿದಂತಾಗುತ್ತದೆ. ಫೆನೋಬಾರ್ಬಿಟಾಲ್‌ನಿಂದ ಕೆಲವು ಮಕ್ಕಳಿಗೆ ಮಂಪರು, ಇನ್ನು ಕೆಲವರಿಗೆ ಒಂದು ಕಡೆ ಕೂರಲಾಗದ ಚಡಪಡಿಕೆ. ಲೆವೆಟಿರಾಸಿಟಮ್‌ನಿಂದ ಸಿಟ್ಟು, ಹಠ. ಫೆನಿಟಾಯಿನ್‌ನಿಂದ ವಸಡು ದಪ್ಪವಾಗುತ್ತದೆ. ಟೊಪಿರಮೇಟ್ ಕೊಟ್ಟರೆ ಬೆವರು ಕಡಿಮೆ, ಬೇಸಿಗೆಯಲ್ಲಿ ಮೈ ಬಿಸಿಯಾಗಬಹುದು. ಇವೆಲ್ಲ ಕೂತು ಮಾತಾಡಿ ಸರಿಪಡಿಸುವಂಥವು. ಆದರೆ ಕಾರ್ಬಮಜೆಪಿನ್, ಲಾಮೊಟ್ರಿಜಿನ್ ಅಥವಾ ಫೆನಿಟಾಯಿನ್ ಶುರುಮಾಡಿದ ಮೊದಲ ವಾರಗಳಲ್ಲಿ ಮೈಮೇಲೆ ಕೆಂಪು ದದ್ದು ಬಂದರೆ, ಬಾಯಲ್ಲಿ ಹುಣ್ಣಾದರೆ, ನಾಳೆ ನೋಡೋಣ ಅನ್ನಬೇಡಿ. ಅವತ್ತೇ ಬನ್ನಿ. ವಾಲ್ಪ್ರೊಯೇಟ್ ತೆಗೆದುಕೊಳ್ಳುವ ಮಗುವಿಗೆ ಬಿಡದೆ ವಾಂತಿ, ಸುಸ್ತು, ಕಣ್ಣು ಹಳದಿಯಾದರೂ ಅಷ್ಟೇ.

ವಾಲ್ಪ್ರೊಯೇಟ್ ಬಗ್ಗೆ ಹೆಣ್ಣುಮಕ್ಕಳ ತಂದೆತಾಯಿಗೆ ಇನ್ನೊಂದು ಮಾತು. ಮುಂದೆ ಗರ್ಭಿಣಿಯಾದಾಗ ಇದನ್ನು ತೆಗೆದುಕೊಳ್ಳುತ್ತಿದ್ದರೆ ಹೊಟ್ಟೆಯಲ್ಲಿರುವ ಕೂಸಿಗೆ ಅಪಾಯ. ಹುಡುಗಿ ದೊಡ್ಡವಳಾಗುವ ಮೊದಲೇ ಬೇರೆ ಔಷಧಿ ಸಾಧ್ಯವೇ ಎಂದು ಕೇಳಿ. ಸುಮ್ನೆ ನೀವೇ ನಿಲ್ಲಿಸಬೇಡಿ. ಕಾಯಿಲೆ ಗೊತ್ತಾದರೆ ಮದುವೆ ಮುರಿಯುತ್ತದೆ ಎಂದು ಚೀಟಿ ಮುಚ್ಚಿಡುವವರೂ ಇದ್ದಾರೆ. ಮೂರ್ಛೆರೋಗ, ಅಂದರೆ ಇದೇ ಫಿಟ್ಸ್ ಕಾಯಿಲೆ, ಮದುವೆಗೆ ಅಡ್ಡಿ ಎಂದು ಹಿಂದೂ ವಿವಾಹ ಕಾಯ್ದೆಯಲ್ಲಿದ್ದ ಮಾತನ್ನು 1999ರಲ್ಲೇ ತೆಗೆದುಹಾಕಿದ್ದಾರೆ. ಜನರ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ನಮ್ಮ ಹಳೇ ಮೈಸೂರು ಕಡೆಯದ್ದೇ ಒಂದು ವಿಶೇಷ ಫಿಟ್ಸ್ ಇದೆ. ಬಿಸಿನೀರಿನ ಫಿಟ್ಸ್. ಎಣ್ಣೆ ಹಚ್ಚಿ, ಹಂಡೆಯಿಂದ ಬಿಸಿಬಿಸಿ ನೀರು ಮೊಗೆದು ಚೆಂಬು ಚೆಂಬು ತಲೆಯ ಮೇಲೆ ಸುರಿಯುವಾಗ ಬರುತ್ತದೆ. ಪ್ರಪಂಚದಲ್ಲಿ ಅಪರೂಪವಾದ ಈ ತೊಂದರೆ ದಕ್ಷಿಣ ಕರ್ನಾಟಕದಲ್ಲಿ ಜಾಸ್ತಿ. ಯಳಂದೂರಿನಲ್ಲಿ ಚಿಕಿತ್ಸೆ ನಡೆಸಿದರು ಎಂದೆನಲ್ಲ, ಅದೇ ಡಾ. ಮಣಿಯವರು 1960ರ ದಶಕದಲ್ಲೇ ಇದನ್ನು ಬರೆದಿಟ್ಟರು, ಮುಂದೆ ನಿಮ್ಹಾನ್ಸ್‌ನಲ್ಲಿ ಇದರ ಮೇಲೆ ದೊಡ್ಡ ಕೆಲಸವೇ ನಡೆಯಿತು. ಕೆಲವು ಮಕ್ಕಳಿಗೆ ಆ ಹೊತ್ತಿನಲ್ಲಿ ಒಂಥರಾ ಹಿತ. ಸಾಕು ಅಂದರೂ ತಾವೇ ಸುರಿದುಕೊಳ್ಳುತ್ತವೆ! ಇದಕ್ಕೆ ಮೊದಲ ಮದ್ದು ಉಗುರುಬೆಚ್ಚಗಿನ ನೀರು. ಅಷ್ಟರಿಂದ ನಿಲ್ಲದಿದ್ದರೆ, ತಲೆಸ್ನಾನದ ದಿನ ಮಾತ್ರ, ಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮೊದಲು ಕ್ಲೊಬಜಾಮ್ ಮಾತ್ರೆ ಕೊಡುವ ಪದ್ಧತಿ ಇದೆ. ಬೇರೆ ಹೊತ್ತಿನಲ್ಲೂ ಫಿಟ್ಸ್ ಬರುವವರಿಗಷ್ಟೇ ದಿನಾ ಔಷಧಿ.

ಔಷಧಿ ನಡೆಯುತ್ತಿದ್ದರೂ ಫಿಟ್ಸ್ ಬಂದರೆ? ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಗೆ ಏನೂ ಹಾಕಬೇಡಿ. ಬೀಗದ ಕೈ, ಈರುಳ್ಳಿ, ಚಪ್ಪಲಿ ಹುಡುಕುವ ಬದಲು ಗಡಿಯಾರ ನೋಡಿ. 5 ನಿಮಿಷ ದಾಟಿದರೆ, ಫಿಟ್ಸ್ ನಿಲ್ಲಿಸಲೆಂದು ಡಾಕ್ಟರು ಬರೆದುಕೊಡುವ ಮಿಡಜೋಲಮ್ ಸ್ಪ್ರೇಯನ್ನು ಮೂಗಿಗೆ ಹೊಡೆಯಬೇಕು, 108ಕ್ಕೆ ಫೋನ್ ಮಾಡಬೇಕು. ಎಷ್ಟು ಸಲ ಹೊಡೆಯಬೇಕು ಎನ್ನುವುದು ಮಗುವಿನ ತೂಕದ ಮೇಲೆ. ಅದನ್ನು ಬರೆಸಿಕೊಂಡು ಸ್ಪ್ರೇ ಜೊತೆಗೇ ಇಡಿ. ಸಾಧ್ಯವಾದರೆ ಶಾಲೆಯಲ್ಲೂ ಒಂದಿರಲಿ.

ಸರಿ, ಹಾಗಾದರೆ ಯಾವಾಗ ನಿಲ್ಲಿಸುವುದು? ಬಹಳ ಮಕ್ಕಳಲ್ಲಿ, ಒಂದೂ ಫಿಟ್ಸ್ ಇಲ್ಲದೆ 2 ವರ್ಷ ಕಳೆದ ಮೇಲೆ ಆ ಯೋಚನೆ ಮಾಡಬಹುದು. ಎಲ್ಲರಿಗೂ ಅಲ್ಲ. ನಿದ್ದೆಯಲ್ಲಿ ಬಾಯಿ ಮುಖ ಸೆಳೆಯುವ ಒಂದು ಬಗೆಯ ಫಿಟ್ಸ್ ಹದಿವಯಸ್ಸಿಗೆ ತಾನಾಗಿ ಹೋಗುತ್ತದೆ. ಆದರೆ ಹದಿವಯಸ್ಸಿನಲ್ಲೇ ಶುರುವಾಗಿ, ಬೆಳಿಗ್ಗೆ ಎದ್ದಾಗ ಕೈ ಝಾಡಿಸಿ ಲೋಟ ಬೀಳಿಸುವ ಇನ್ನೊಂದಿದೆ. ಅದಕ್ಕೆ ಔಷಧಿ ಬಹುಕಾಲ ಬೇಕು. ನಿಲ್ಲಿಸುವಾಗಲೂ ಒಮ್ಮೆಗೇ ಅಲ್ಲ. ವಾರಗಟ್ಟಲೆ, ತಿಂಗಳುಗಟ್ಟಲೆ, ಸ್ವಲ್ಪ ಸ್ವಲ್ಪ ಇಳಿಸಬೇಕು. ನಿಲ್ಲಿಸಿದ ಮೇಲೆ ಸುಮಾರು ಮೂವರಲ್ಲಿ ಒಬ್ಬರಿಗೆ ಮತ್ತೆ ಬರಬಹುದು. ಬಂದರೆ ಮತ್ತೆ ಶುರುಮಾಡುತ್ತೇವೆ.

ಆ ಖಾಲಿ ಬಾಟಲಿಯ ತಾಯಿ ಆ ರಾತ್ರಿಯಿಂದಲೇ 2 ವರ್ಷದ ಲೆಕ್ಕ ಇಟ್ಟರು, ಗೋಡೆಯ ಕ್ಯಾಲೆಂಡರಿನಲ್ಲಿ, ದಿನಕ್ಕೆ ಎರಡು ಗೀಟು. ಆಮೇಲೆ ಐದಾರು ತಿಂಗಳಲ್ಲಿ ಮೆಲ್ಲಗೆ ಡೋಸ್ ಇಳಿಸಿದೆವು. ಪೂರ್ತಿ ನಿಲ್ಲಿಸಿದ ದಿನ ಬಾಟಲಿಯಲ್ಲಿ ಅರ್ಧ ಔಷಧಿ ಉಳಿದಿತ್ತು. “ಇದನ್ನೇನ್ ಮಾಡ್ಲಿ ಡಾಕ್ಟ್ರೇ?” ಎಂದರು. ಇನ್ನು ಬೇಡ, ಇಲ್ಲೇ ಕೊಟ್ಟು ಹೋಗಿ ಎಂದೆ. ಅವರು ಸ್ವಲ್ಪ ಹೊತ್ತು ಬಾಟಲಿಯನ್ನೇ ನೋಡಿದರು. “ಇನ್ನೊಂದ್ ತಿಂಗ್ಳು ನಮ್ಮನೇಲೇ ಇರ್ಲಿ ಬಿಡಿ” ಎಂದು ಬ್ಯಾಗಿಗೆ ಹಾಕಿಕೊಂಡು ಹೊರಟರು.

ನಮಸ್ಕಾರ.