ಕಾರಿನ ಟ್ಯಾಂಕಿನಾಗ ಎಷ್ಟು ಗೋವಿನಜೋಳ

ಕೇಳುಗರಿಗೆಲ್ಲಾ ನಮಸ್ಕಾರ್ರಿ. ನಾನು ಮುಧೋಳ ತಾಲೂಕಿನಾಂವ, ಘಟಪ್ರಭಾ ದಂಡಿಗೆ ನಮ್ಮ ಹೊಲ ಐತಿ, ಐದೆಕರೆದಾಗ ನಾಕೆಕರೆ ಕಬ್ಬು. ಮೊನ್ನೆ ಬಾಗಲಕೋಟಿಗೆ ಹೊಂಟಾಗ ಪೆಟ್ರೋಲ್ ಬಂಕಿನಾಗ ಕಾರಿಗೆ ಟ್ಯಾಂಕ್ ಫುಲ್ ಮಾಡಿಸಿದೆ, ಅಲ್ಲೇ ನಿಂತು ಒಂದು ಲೆಕ್ಕ ಹಾಕಿದೆ, ಅದು ಇನ್ನೂ ತಲ್ಯಾಗಿಂದ ಹೋಗವಲ್ದು.

ಈಗ ನಾವು ಹಾಕಿಸೋ ಪೆಟ್ರೋಲಿನಾಗ ನೂರಕ್ಕ 20 ಪಾಲು ಎಥೆನಾಲ್, ಅಂದ್ರ ಕಬ್ಬು, ಕಾಳಿನಿಂದ ತೆಗಿಯೋ ಸ್ಪಿರಿಟ್ ಇರತೈತಿ. 40 ಲೀಟರ್ ಟ್ಯಾಂಕಂದ್ರ ಅದರಾಗ 8 ಲೀಟರ್ ಎಥೆನಾಲ್. ಒಂದು ಟನ್ ಗೋವಿನಜೋಳದಿಂದ ಸುಮಾರು 380 ಲೀಟರ್ ಬರತೈತಿ, ಅಂದಮ್ಯಾಲೆ ಆ 8 ಲೀಟರಿಗೆ 21 ಕಿಲೋ ಕಾಳು ಬೇಕ್ರಿ. ದಿನಕ್ಕ ಅರ್ಧ ಕಿಲೋ ಹಿಡಿದ್ರ ಒಬ್ಬ ಮನಷ್ಯಾಂದು 42 ದಿನದ ಕಾಳು, ನಾನು ಅದನ್ನ ಎರಡ ಸಲ ಬಾಗಲಕೋಟಿಗೆ ಹೋಗಿ ಬರೋದ್ರಾಗ, ಆಮ್ಯಾಲೆ ವಿಜಾಪುರದ ಒಂದು ಮದುವಿಗೆ ಹೋಗಿ ಬರೋದ್ರಾಗ ಸುಟ್ಟು ಮುಗಿಸ್ತೀನಿ. ಖರೇ ಹೇಳಬೇಕಂದ್ರ ಕಾಳಿನ ಮೂರರಾಗ ಒಂದು ಪಾಲು ಹಿಂಡಿ ಆಗಿ ದನಕ್ಕ, ಕೋಳಿಗೆ ವಾಪಸ್ ಬರತೈತಿ, ಅದನ್ನೂ ಲೆಕ್ಕಕ್ಕ ಹಿಡೀಬೇಕು.

ಅಮೆರಿಕಾದಾಗ ಬೆಳಿಯೋ ಗೋವಿನಜೋಳದಾಗ ಮೂರನೇ ಒಂದು ಪಾಲಿಗಿಂತ ಹೆಚ್ಚು ಎಥೆನಾಲ್ ಫ್ಯಾಕ್ಟರಿಗೇ ಹೋಗತೈತಿ. 2007ರ ಜನೇವರಿಯಾಗ ಮೆಕ್ಸಿಕೋ ಸಿಟಿಯೊಳಗ ಸಾವಿರಾರು ಮಂದಿ ರಸ್ತೆಗಿಳಿದ್ರು, ಯಾಕಂದ್ರ ಅವರ ಗೋವಿನಜೋಳದ ರೊಟ್ಟಿ, ಟೋರ್ಟಿಯಾ ಅಂತಾರ, ಅದರ ರೇಟ್ ಕೈಗೆ ನಿಲುಕದಂಗಾಗಿತ್ತು. ಅದಕ್ಕ ಬ್ಯಾರೆ ಕಾರಣಾನೂ ಇದ್ದುವು, ಬರೇ ಎಥೆನಾಲಿಂದ ಆತು ಅಂದ್ರ ಅದು ತಪ್ಪಾಗತೈತಿ, ಆದ್ರ ಎಥೆನಾಲೂ ಒಂದು ಕಾರಣ. ನಮಗ ರೊಟ್ಟಿ ಅಂದ್ರ ಏನಂತ ಗೊತ್ತಿರೋದಕ್ಕ ಆ ಸುದ್ದಿ ನನಗ ದೂರದ್ದು ಅನಿಸಂಗಿಲ್ರಿ.

ನಮ್ಮ ದೇಶದಾಗೂ ನೋಡ್ರಿ, 2023ರಾಗ ಮಳಿ ಕೈಕೊಟ್ತು, ಜುಲೈದಾಗ ಸರ್ಕಾರಿ ಗೋದಾಮಿನ ಅಕ್ಕಿ ಎಥೆನಾಲಿಗೆ ಕೊಡೋದು ನಿಂತ್ತು, ಡಿಸೆಂಬರಿನಾಗ ಕಬ್ಬಿನ ಹಾಲಿಂದ ಎಥೆನಾಲ್ ಮಾಡೋದಕ್ಕೂ ತಡಿ ಬಿತ್ತು. ಆಮ್ಯಾಲೆ ಫ್ಯಾಕ್ಟರಿಗಳು ಗೋವಿನಜೋಳಕ್ಕ ಗಂಟುಬಿದ್ದು, 2024ರಾಗ ಹೊರದೇಶಕ್ಕ ಗೋವಿನಜೋಳ ಮಾರತಿದ್ದ ನಾವು ಹೊರಗಿಂದ ತರಿಸೋ ಹಂಗಾತು. ರೈತಗ ರೇಟ್ ಸಿಕ್ತು, ಅದು ಚಲೋನ, ಕೋಳಿ ಸಾಕೋರು ಮಾತ್ರ ತಲಿಮ್ಯಾಲೆ ಕೈ ಹೊತ್ತರು.

ನೀರಿಂದು ಬ್ಯಾರೇನ ಕತಿ. ಕಬ್ಬಿನಿಂದ ಮಾಡಿದ ಒಂದು ಲೀಟರ್ ಎಥೆನಾಲಿಗೆ ಹೆಚ್ಚುಕಡಿಮಿ 2,860 ಲೀಟರ್ ನೀರು ಬೇಕಂತ ನೀತಿ ಆಯೋಗದ 2021ರ ವರದಿನ ಹೇಳತೈತಿ.

ನಾನು ಎಥೆನಾಲ್ ಬ್ಯಾಡ ಅನ್ನಂಗಿಲ್ಲ, ಕಬ್ಬು ಬೆಳಿಯೋ ಮನಿಯಾಂವ ನಾನ, ಸಕ್ರಿ ತೆಗದ ಮ್ಯಾಲೆ ಉಳಿಯೋ ಕಾಕಂಬಿಯಿಂದ ಮಾಡ್ರಿ, ಹೊಲದಾಗ ಬೆಂಕಿ ಹಚ್ಚೋ ಕಬ್ಬಿನ ರವದಿಯಿಂದ, ಭತ್ತದ ಹುಲ್ಲಿಂದ ಮಾಡ್ರಿ, ಪಾಣಿಪತ್‌ದಾಗ 2022ರಿಂದ ಹುಲ್ಲಿಂದ ಮಾಡೋ ಪ್ಲಾಂಟ್ ಐತಿ. ಮೊದಲ ಅದು, ಆಮ್ಯಾಲೆ ಕಾಳು.

ನಮ್ಮ ಮನಿ ಮುಂದ ಒಂದು ಹಗೇವು ಇತ್ರಿ, ನನ್ನ ಅಪ್ಪ ಅದರಾಗ ಬಿಳಿಜೋಳ ತುಂಬಿ ಮ್ಯಾಲೆ ಮಣ್ಣು ಮುಚ್ಚಾಂವ, ಬರ ಬಿದ್ದ ವರ್ಷ ಅದನ್ನ ತಗದು ಅರ್ಧ ಓಣಿಗೆ ಅಳದು ಕೊಟ್ಟಿದ್ದು ನನಗ ನೆನಪೈತಿ. ಕಬ್ಬು ಬಂದಮ್ಯಾಲೆ ಅದನ್ನ ಕಲ್ಲು ಹಾಕಿ ಮುಚ್ಚಿಬಿಟ್ವಿ, ಈಗ ಅದರ ಮ್ಯಾಲೆ ಟ್ರ್ಯಾಕ್ಟರ್ ನಿಲ್ಲತೈತಿ. ಜೋಳಾ ಸಂತ್ಯಾಗ ಕೊಳ್ತೀವಿ, ಆಕಳಿಗೆ ಕಣಕಿನೂ ರೊಕ್ಕಾ ಕೊಟ್ಟ ತರ್ತೀವಿ.

ಈ ವರ್ಷ ಮೂರನೇ ಕುಳೆ ಮುಗಿದ ಒಂದೆಕರೆ ಕಬ್ಬು ಕಿತ್ತು ತೆಗದೇವ್ರಿ. ಹಿಂಗಾರಿಗೆ ಮಾಲದಂಡಿ ಜೋಳದ ಬೀಜ ತಂದು ಅಟ್ಟದ ಮ್ಯಾಲೆ ಇಟ್ಟೀನಿ. ಅವ್ವ ಈಗಿಂದನ ಕೇಳಾಕತ್ತಾಳ, ಈ ಸಲ ಎಳ್ಳ ಅಮಾಸಿಗೆ ಚರಗ ಚೆಲ್ಲಾಕ ನಮ್ಮದ ಜೋಳದ ಹೊಲ ಇರತೈತಿ ಹೌದಿಲ್ಲೋ ಅಂತ. ಹೌದು ಅಂದೀನಿ. ನಮಸ್ಕಾರ್ರಿ.