ಮುಹೂರ್ತ ಗೊತ್ತಾದ ಮೇಲೆ ಹೇಳಿದ್ದೇ ದರ

ಕೇಳುಗರಿಗೆ ನಮಸ್ಕಾರ.

ಮದುವೆಯ ಮುಹೂರ್ತ ಇಟ್ಟು, ಲಗ್ನಪತ್ರಿಕೆ ಹಂಚಿಯಾದ ಮೇಲೆ ಶಾಮಿಯಾನದವನ ಬಳಿ ಚೌಕಾಸಿಗೆ ಹೋದರೆ ಏನಾಗುತ್ತದೆ ಎಂಬುದು ಮದುವೆ ಮಾಡಿಸಿದವರಿಗೆಲ್ಲ ಗೊತ್ತು. ಅಂತರರಾಷ್ಟ್ರೀಯ ಕ್ರೀಡಾಕೂಟಗಳ ವೆಚ್ಚ ಅಂದಾಜನ್ನು ಮೀರುವ ಸುದ್ದಿ ಓದಿದಾಗಲೆಲ್ಲ ನನಗೆ ಆ ಶಾಮಿಯಾನದವನೇ ನೆನಪಾಗುತ್ತಾನೆ.

ದೆಹಲಿಯ ಲೆಕ್ಕವನ್ನೇ ನೋಡೋಣ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕಾಗಿ 2003ರಲ್ಲಿ ಹಕ್ಕು ಮಂಡಿಸಿದಾಗ ಕೊಟ್ಟ ಅಂದಾಜು ಸುಮಾರು 1,200 ಕೋಟಿ ರೂಪಾಯಿ. ಮಹಾಲೇಖಪಾಲರ ವರದಿ 2011ರ ಆಗಸ್ಟಿನಲ್ಲಿ ಸಂಸತ್ತಿನ ಮುಂದೆ ಬಂದಾಗ, ವಿಮಾನ ನಿಲ್ದಾಣಕ್ಕೂ ಮೆಟ್ರೊಗೂ ಸುರಿದ ಹಣವನ್ನು ಹೊರಗಿಟ್ಟೂ, ಆ ಮೊತ್ತ 18,532 ಕೋಟಿಗೆ ಮುಟ್ಟಿತ್ತು. ಇದನ್ನು ಭ್ರಷ್ಟಾಚಾರವೆಂಬ ಒಂದೇ ಮಾತಿನಲ್ಲಿ ಮುಗಿಸುವುದು ಸುಲಭ. ಆದರೆ ವರದಿಯಲ್ಲಿ ನನ್ನ ಗಮನ ಸೆಳೆದದ್ದು ಬೇರೆ. ಕೂಟ ದಕ್ಕಿದ 2003ರ ನವೆಂಬರಿನಿಂದ 2006ರ ನಡುಭಾಗದವರೆಗಿನ ಕಾಲ ವ್ಯರ್ಥವಾಯಿತೆಂದೂ, ಆಮೇಲೆ ಅದೇ ಅವಸರವನ್ನು ಮುಂದೊಡ್ಡಿ ಟೆಂಡರಿನ ಸಾಮಾನ್ಯ ಕ್ರಮವನ್ನು ಬದಿಗೆ ಸರಿಸಲಾಯಿತೆಂದೂ ಅದು ಹೇಳುತ್ತದೆ. ರಸ್ತೆಯೋ ಆಸ್ಪತ್ರೆಯೋ ಆದರೆ ಉದ್ಘಾಟನೆಯನ್ನು ಆರು ತಿಂಗಳು ಮುಂದೂಡಬಹುದು. ಎಪ್ಪತ್ತೊಂದು ತಂಡಗಳು ಬಂದಿಳಿಯುವ ದಿನವನ್ನು ಮುಂದೂಡಲಾಗದೆಂಬುದು ಗುತ್ತಿಗೆದಾರನಿಗೂ ಗೊತ್ತು, ಅಧಿಕಾರಿಗೂ ಗೊತ್ತು.

ಉದ್ಘಾಟನೆಗೆ ಹನ್ನೆರಡು ದಿನ ಇರುವಾಗ, ಸೆಪ್ಟೆಂಬರ್ 21ರಂದು, ಜವಾಹರಲಾಲ್ ನೆಹರೂ ಕ್ರೀಡಾಂಗಣದ ಬಳಿ ಕಟ್ಟುತ್ತಿದ್ದ ಪಾದಚಾರಿ ಸೇತುವೆ ಕುಸಿದು ಇಪ್ಪತ್ತಕ್ಕೂ ಹೆಚ್ಚು ಕಾರ್ಮಿಕರು ಗಾಯಗೊಂಡರು. ಕೊನೆಗೆ ಸೇನೆಯವರು ಬಂದು, ಕೆಲವೇ ದಿನಗಳಲ್ಲಿ ಅಲ್ಲೊಂದು ಬೈಲಿ ಸೇತುವೆ, ಅಂದರೆ ಸಿದ್ಧ ಬಿಡಿಭಾಗಗಳಿಂದ ಕಟ್ಟುವ ಸೇತುವೆ, ಜೋಡಿಸಿಕೊಟ್ಟರು. ಕ್ರೀಡಾಗ್ರಾಮದ ಹಾಸಿಗೆಯ ಮೇಲೆ ನಾಯಿಯ ಕೆಸರು ಹೆಜ್ಜೆ ಮೂಡಿದ್ದ ಚಿತ್ರ ನಿಮಗೂ ನೆನಪಿರಬಹುದು.

ಆಟಗಾರರ ಮೇಲೆ ನನ್ನ ದೂರಿಲ್ಲ. ಕೊನೆಯ ದಿನ ನಮ್ಮ ಅಶ್ವಿನಿ ಪೊನ್ನಪ್ಪ, ಜ್ವಾಲಾ ಗುಟ್ಟಾ ಜೋಡಿ ಬ್ಯಾಡ್ಮಿಂಟನ್ ಡಬಲ್ಸ್ ಚಿನ್ನ ಗೆದ್ದಾಗ, ಒಟ್ಟು 38 ಚಿನ್ನದೊಂದಿಗೆ ಭಾರತ ಇಂಗ್ಲೆಂಡನ್ನು ಒಂದರಿಂದ ಹಿಂದಿಕ್ಕಿದಾಗ, ನಾನೂ ಟಿ.ವಿ. ಮುಂದೆ ಚಪ್ಪಾಳೆ ತಟ್ಟಿದವನೇ. ಆದರೆ ಆ ಚಪ್ಪಾಳೆಯ ಸದ್ದಿನಲ್ಲಿ ಬಿಲ್ಲಿನ ಮೊತ್ತ ಯಾರ ಕಿವಿಗೂ ಬೀಳದೆಹೋಯಿತು.

ಇದು ನಮ್ಮ ದೇಶದ ಕಾಯಿಲೆಯಷ್ಟೇ ಅಲ್ಲ. ಗಂಡಸು ಹೆರುವುದು ಹೇಗೆ ಅಸಾಧ್ಯವೋ ಒಲಿಂಪಿಕ್ಸ್‌ನಲ್ಲಿ ನಷ್ಟವಾಗುವುದೂ ಹಾಗೆಯೇ ಅಸಾಧ್ಯ ಎಂಬರ್ಥದಲ್ಲಿ ಮಾಂಟ್ರಿಯಲ್ ಮೇಯರ್ ಜೀನ್ ಡ್ರಾಪೊ ಹೇಳಿದ್ದರು. 1976ರಲ್ಲಿ ಕೂಟ ಮುಗಿಸಿದ ಆ ಊರಿನ ಕ್ರೀಡಾಂಗಣದ ಸಾಲ, ಸಿಗರೇಟಿನ ಮೇಲೆ ವಿಶೇಷ ತೆರಿಗೆ ಹಾಕಿಯೂ, ತೀರಿದ್ದು 2006ರಲ್ಲಿ.

ಈಗ 2030ರ ಕಾಮನ್‌ವೆಲ್ತ್ ಕೂಟದ ಸರದಿ ಅಹಮದಾಬಾದಿನದು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2026ರ ಕಾಮನ್‌ವೆಲ್ತ್ ಕೂಟಕ್ಕೆ ಒಪ್ಪಿಕೊಂಡು, 260 ಕೋಟಿ ಆಸ್ಟ್ರೇಲಿಯನ್ ಡಾಲರಿನ ಲೆಕ್ಕ 600 ಕೋಟಿ ದಾಟುವ ಸೂಚನೆ ಕಂಡದ್ದೇ 2023ರ ಜುಲೈನಲ್ಲಿ ಕೈಕೊಡವಿಕೊಂಡಿತು. 38 ಕೋಟಿ ಡಾಲರ್ ಪರಿಹಾರ ತೆತ್ತಾದರೂ ಬಿಡುವುದೇ ಅಗ್ಗವೆಂದು ಅದಕ್ಕೆ ತೋರಿತು. ಬೇರೆಯವರು ಹೀಗೆ ಹಿಂಜರಿಯುವ ಕೂಟದ 2030ರ ಆವೃತ್ತಿಯನ್ನು 2025ರ ನವೆಂಬರಿನಲ್ಲಿ ನಾವು ಸಂಭ್ರಮದಿಂದ ಬರಮಾಡಿಕೊಂಡಿದ್ದೇವೆ. ಅದರ ಟೆಂಡರುಗಳು ಯಾವ ವರ್ಷದ ಯಾವ ತಿಂಗಳಲ್ಲಿ ಹೊರಬೀಳುತ್ತವೆ ಎಂಬುದನ್ನು ನಾನು ಪದಕಪಟ್ಟಿಗಿಂತ ಹೆಚ್ಚಿನ ಕುತೂಹಲದಿಂದ ಕಾಯುತ್ತಿದ್ದೇನೆ.

ನಮಸ್ಕಾರ.